ಬೆಟ್ಟದ ಮೇಲಿನ ಲಾಡ್ಜ್‌ಗೆ ಓನರ್ ಯಾರು?

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಐದು ಜನ ಸೋಮನಾಥಪುರಕ್ಕೆ ಹೋಗಿದ್ವಿ. ನಮ್ಮಲ್ಲೊಬ್ಬನ ಊರು ಅಲ್ಲೇ ಪಕ್ಕ, ಟಿ. ನರಸೀಪುರ ತಾಲ್ಲೂಕು. 13ನೇ ಶತಮಾನದ ಹೊಯ್ಸಳ ದೇವಸ್ಥಾನ ಅದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೂ ಸೇರಿತು. ನಾವು ಫೋಟೊ ತೆಗೀತಾ ಇದ್ರೆ ಅವನು ಹೇಳಿದ: "ಕಾರು ಬರ್ತವೆ, ಒಂದು ಗಂಟೆ ಇದ್ದು ಮೈಸೂರಿಗೆ ವಾಪಸ್ ಹೋಗ್ತವೆ. ಊರಿಗೆ ಸಿಗೋದು ಎಳನೀರಿನ ಕಾಸು ಅಷ್ಟೇ."

ಹಾಗಾದ್ರೆ ಟೂರಿಸಂ ದುಡ್ಡು ಎಲ್ಲಿಗೆ ಹೋಗುತ್ತೆ? ಹೆಚ್ಚಿನ ಪಾಲು ಪ್ರವಾಸಿ ರಾತ್ರಿ ಎಲ್ಲಿ ಉಳೀತಾನೋ ಅಲ್ಲಿಗೆ. ಆದ್ದರಿಂದ ಲಾಡ್ಜ್‌ನ ಓನರ್ ಯಾರು ಅನ್ನೋದೇ ಮುಖ್ಯ ಪ್ರಶ್ನೆ.

ಮೊದಲನೇದು ಸರ್ಕಾರದ್ದು. ನಂಜನಗೂಡಿನಲ್ಲಿ ಭಕ್ತರು ಮುಳುಗೋ ಅದೇ ಕಪಿಲೆಯ ಮೇಲ್ಭಾಗದಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ, ಜಂಗಲ್ ಲಾಡ್ಜಸ್‌ನ ಕಬಿನಿ ರಿವರ್ ಲಾಡ್ಜ್ ಇದೆ. ಅಲ್ಲಿ ಲಾಭ ನಿಗಮಕ್ಕೆ.

ಎರಡನೇದು ಟ್ರಸ್ಟ್‌ನದ್ದು. ಬಿಳಿಗಿರಿರಂಗನ ಬೆಟ್ಟದ ಗೊರುಕನ ರೆಸಾರ್ಟ್‌ನಲ್ಲಿ ಸೋಲಿಗರು ಕೆಲಸ ಮಾಡ್ತಾರೆ. ಅದರ ಆದಾಯ ಡಾ. ಎಚ್. ಸುದರ್ಶನ್ 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಕೆಲಸಕ್ಕೆ ಹೋಗುತ್ತೆ. ಅದೇ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಕೂಡ ಸಿಕ್ಕಿದೆ.

ಮೂರನೇದು ಊರಿನದ್ದೇ. ನೇಪಾಳದ ಮೊಹರೆ ಡಾಂಡಾ ಬೆಟ್ಟದ ಮೇಲೆ, ಸುಮಾರು 3,300 ಮೀಟರ್ ಎತ್ತರದಲ್ಲಿ, ಸಮುದಾಯವೇ ನಡೆಸುವ ಲಾಡ್ಜ್ ಇದೆ. ಲಾಭ ಹಳ್ಳಿಯ ಶಾಲೆ, ಆರೋಗ್ಯದಂಥ ಕೆಲಸಗಳಿಗೆ. ಇದರ ಹಿಂದಿರೋದು ಹಳ್ಳಿಗಳಿಗೆ ವೈರ್‌ಲೆಸ್ ಇಂಟರ್ನೆಟ್ ತಂದು 2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಮಹಾವೀರ್ ಪುನ್.

ಇದು ನಮಗೆ ಹೊಸದೇನಲ್ಲ. ನಮ್ಮ ಹಳ್ಳಿಗಳ ಡೇರಿ ನೋಡಿ. ಹಾಲು ಹಾಕೋರೇ ಸದಸ್ಯರು, ಒಬ್ಬರಿಗೆ ಒಂದೇ ವೋಟು. ಹಾಲಿನ ಜಾಗದಲ್ಲಿ ರೂಮ್ ಇಟ್ಟರೆ ಮುಗೀತು!

ಅಷ್ಟು ಸುಲಭಾನಾ? ಇಲ್ಲ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ. ಹಾಗಾಗಿ ಇರೋ ಮನೆಗಳ ಖಾಲಿ ರೂಮುಗಳನ್ನೇ ರಿಪೇರಿ ಮಾಡಬೇಕು. ಇನ್ನು ತಿರುಮಕೂಡಲಿನ ಸಂಗಮದಲ್ಲಿ ಕುಂಭಮೇಳ ಮೂರು ವರ್ಷಕ್ಕೊಮ್ಮೆ. ಆ ಜನ ನಂಬಿ ಹತ್ತಾರು ರೂಮ್ ಮಾಡಿದ್ರೆ ಉಳಿದ ದಿನ ಬೀಗ ಹಾಕಬೇಕಾಗುತ್ತೆ. ಬೀಮ್‌ಗೆ ಲೋಡ್ ಲೆಕ್ಕ ಹಾಕೋ ಹಾಗೆ ಊರಿಗೂ ಹಾಕಬೇಕು: ನೀರು ಎಷ್ಟು, ಕಸ ಎಲ್ಲಿಗೆ, ದಿನಕ್ಕೆ ಎಷ್ಟು ಅತಿಥಿಗಳು. ಲೆಕ್ಕಪತ್ರವನ್ನು ಗ್ರಾಮಸಭೆಯಲ್ಲಿ ಓದಬೇಕು, ಇಲ್ಲಾಂದ್ರೆ ದುಡ್ಡಿರೋ ಒಂದು ಮನೆಯವರೇ ಎಲ್ಲಾ ನುಂಗ್ತಾರೆ. ಊಟಕ್ಕೆ ಊರಿನದ್ದೇ ರಾಗಿ, ಅಕ್ಕಿ. ಜೊತೆಗೆ ಸೊರಗು ರೋಗದಿಂದ ಅಪರೂಪವಾಗಿರೋ ನಂಜನಗೂಡು ರಸಬಾಳೆ ಇಟ್ಟರೆ ಬೆಳೆಯೋ ರೈತನಿಗೂ ಒಂದು ಗಿರಾಕಿ.

ಇದನ್ನೆಲ್ಲ ಫ್ರೆಂಡ್ ಮನೇಲಿ ಹೇಳಿದ್ವಿ. ಅವರಮ್ಮ ನಕ್ಕು, "ನಮ್ಮನೇಲಿ ಯಾರಪ್ಪ ಬಂದು ಮಲಗ್ತಾರೆ?" ಅಂದ್ರು. ಆ ರಾತ್ರಿ ನಾವು ಐದೂ ಜನ ಅಲ್ಲೇ ಮಲಗಿದ್ವಿ.