ಹೊಸ ಅಕ್ಕಿ, ಸೌತೆಕಾಯಿ, ಅರಿಶಿನ ಎಲೆ: ಕರಾವಳಿಯ ಶರದೃತುವಿನ ಮನೆಯಡುಗೆ

ಉತ್ತರ ಕನ್ನಡ ಜಿಲ್ಲೆಯ ಕರಾವಳಿ ತಾಲ್ಲೂಕುಗಳಾದ ಭಟ್ಕಳ, ಹೊನ್ನಾವರ ಮತ್ತು ಕುಮಟಾಗಳಲ್ಲಿ ನವರಾತ್ರಿಯಿಂದ ತುಳಸಿ ಪೂಜೆಯವರೆಗಿನ ಅವಧಿಯು ಹಬ್ಬಗಳ ಕಾಲವೂ ಹೌದು, ಮುಂಗಾರು ಭತ್ತದ ಕಟಾವಿನ ಕಾಲವೂ ಹೌದು. ಗದ್ದೆಯಿಂದ ಹೊಸ ಭತ್ತ, ಹಿತ್ತಲಿನಿಂದ ಬೆಳೆದ ಸೌತೆಕಾಯಿ ಮತ್ತು ಅರಿಶಿನದ ಎಲೆ ಹೆಚ್ಚುಕಡಿಮೆ ಒಟ್ಟಿಗೇ ಅಡುಗೆಮನೆ ಸೇರುತ್ತವೆ. ಕಡುಬು, ಪಾಯಸ ಮತ್ತು ಗಂಜಿಗೆ ಬೇಕಾದುದರಲ್ಲಿ ಹೆಚ್ಚಿನದು ಮನೆಯಲ್ಲಿಯೇ ದೊರೆಯುತ್ತದೆ. ಆದರೆ ಹಬ್ಬದ ಅವಸರದಲ್ಲಿ ಎರಡು ತಪ್ಪುಗಳಾಗುವುದುಂಟು: ಸರಿಯಾಗಿ ಒಣಗದ ಭತ್ತವನ್ನು ಗಿರಣಿಗೆ ಒಯ್ಯುವುದು ಮತ್ತು ಮುಂದಿನ ವರ್ಷದ ಬೀಜವನ್ನು ತೆಗೆದಿಡುವ ಮೊದಲೇ ರಾಶಿಗೆ ಕೈ ಹಾಕುವುದು. ಇವೆರಡನ್ನೂ ತಪ್ಪಿಸಿ ಹಬ್ಬದಡುಗೆಯನ್ನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಬೀಜ, ನಂತರ ಅಡುಗೆ

ಕಟಾವಿನ ಸಮಯದಲ್ಲಿ ಭತ್ತದ ಕಾಳಿನಲ್ಲಿ ಸಾಮಾನ್ಯವಾಗಿ ಶೇ. 20ರಿಂದ 24ರಷ್ಟು ತೇವಾಂಶವಿರುತ್ತದೆ. ಊಟದ ಭತ್ತವನ್ನು ಸಂಗ್ರಹಿಸಲು ಇದು ಶೇ. 14ಕ್ಕೆ, ಬೀಜದ ಭತ್ತಕ್ಕೆ ಶೇ. 12ಕ್ಕೆ ಇಳಿಯಬೇಕು. ಹಿಂಗಾರಿನ ಮಧ್ಯಾಹ್ನದ ಗುಡುಗು ಮಳೆಯ ಭಯವಿರುವುದರಿಂದ ಭತ್ತವನ್ನು ತಾಡಪಾಲಿನ ಮೇಲೆ ತೆಳುವಾಗಿ ಹರಡಿ, ಆಗಾಗ ಕೈಯಾಡಿಸಿ, ಸಂಜೆಗೆ ಮೊದಲೇ ಮುಚ್ಚಿಡಬೇಕು. ಒಣಗಿದ ಕಾಳನ್ನು ಹಲ್ಲಿನಿಂದ ಕಚ್ಚಿದರೆ ‘ಕಟ್’ ಎಂದು ಮುರಿಯಬೇಕು. ಚಪ್ಪಟೆಯಾದರೆ ಇನ್ನೂ ಒಂದು ಬಿಸಿಲು ಬೇಕೆಂದು ತಿಳಿಯಿರಿ. ಅರೆ ಒಣಗಿದ ಭತ್ತವು ಚೀಲದಲ್ಲಿ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ವಾಸನೆಯಿರುವ ಅಕ್ಕಿಯನ್ನು ತೊಳೆದರೂ ಬೇಯಿಸಿದರೂ ಅದರಲ್ಲಿನ ವಿಷಾಂಶ ಪೂರ್ಣವಾಗಿ ಹೋಗುವುದಿಲ್ಲವಾದ್ದರಿಂದ ಅದನ್ನು ಅಡುಗೆಗೆ ಬಳಸಬಾರದು.

ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ, ವಿಶೇಷವಾಗಿ ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಭಾಗದಲ್ಲಿ ಬೆಳೆಯುವ ಕಗ್ಗ ಭತ್ತಕ್ಕೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಉಪ್ಪುನೀರನ್ನೂ ಕೆಲವು ದಿನಗಳ ಮುಳುಗಡೆಯನ್ನೂ ತಾಳಿಕೊಳ್ಳುವ ಈ ಕೆಂಪಕ್ಕಿಯ ತಳಿಯು ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಬೀಜವಲ್ಲ; ಬೆಳೆಗಾರರ ಮನೆಗಳಲ್ಲಿ ಉಳಿದರೆ ಮಾತ್ರ ಉಳಿಯುವಂಥದು. ಆದ್ದರಿಂದ ಚೆನ್ನಾಗಿ ಬಲಿತ, ಬೆರಕೆಯಿಲ್ಲದ ತೆನೆಗಳನ್ನು ಗದ್ದೆಯಲ್ಲಿಯೇ ಆಯ್ದು, ಪ್ರತ್ಯೇಕವಾಗಿ ಒಣಗಿಸಿ ತೆಗೆದಿಡಿರಿ. ಬಿತ್ತನೆಗೆ ಮುನ್ನ 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿದಾಗ ಕನಿಷ್ಠ 80 ಮೊಳೆಯಬೇಕು.

ಹೊಸ ಅಕ್ಕಿಯ ಗುಣ

ಹೊಸ ಅಕ್ಕಿಯು ಹಳೆಯ ಅಕ್ಕಿಯಷ್ಟು ನೀರನ್ನು ಹೀರುವುದಿಲ್ಲ, ಹಿಗ್ಗುವುದೂ ಕಡಿಮೆ. ಬೇಯುವಾಗ ಅದರ ಪಿಷ್ಟವು ಹೆಚ್ಚಾಗಿ ನೀರಿಗೆ ಬಿಡುವುದರಿಂದ ಅನ್ನ ಮುದ್ದೆಯಾಗುತ್ತದೆ. ಕೆಲವು ತಿಂಗಳು ಇಟ್ಟ ಮೇಲೆ ಈ ಗುಣ ಬದಲಾಗುತ್ತದೆ. ಉದುರು ಅನ್ನಕ್ಕೆ ದೋಷವೆನಿಸುವ ಈ ಅಂಟು ಕಡುಬು, ಪಾಯಸ, ಗಂಜಿಗಳಿಗೆ ಅನುಕೂಲವೇ ಆಗಿದೆ. ಕಡು ಬಿಸಿಲಿನಲ್ಲಿ ಒಮ್ಮೆಲೇ ಒಣಗಿದ ಭತ್ತವು ಗಿರಣಿಯಲ್ಲಿ ನುಚ್ಚಾಗುವುದುಂಟು. ಆ ನುಚ್ಚನ್ನು ಕಡಿಮೆ ಬೆಲೆಗೆ ಮಾರುವ ಬದಲು ಕಡುಬಿಗೆ ಬಳಸಬಹುದು.

ಸೌತೆಕಾಯಿ ಮತ್ತು ಎಲೆಯ ಆಯ್ಕೆ

ಸೌತೆಕಾಯಿಯನ್ನು ತುರಿಯುವ ಮೊದಲು ಎರಡೂ ತುದಿಗಳ ಚೂರನ್ನು ರುಚಿ ನೋಡಿರಿ. ಕಹಿಯಿದ್ದರೆ ಆ ಕಾಯಿಯನ್ನು ಬಿಟ್ಟುಬಿಡಿ. ಕಹಿಗೆ ಕಾರಣವಾದ ಅಂಶವು ಬೇಯಿಸಿದರೂ ಬೆಲ್ಲ ಹಾಕಿದರೂ ನಾಶವಾಗುವುದಿಲ್ಲ ಮತ್ತು ವಾಂತಿ, ಭೇದಿಗೆ ಕಾರಣವಾಗಬಲ್ಲದು. ಹಣ್ಣಿನ ನೊಣ ಚುಚ್ಚಿ ಮೆತ್ತಗಾದ ಕಾಯಿಗಳನ್ನು ಬಳ್ಳಿಯ ಬುಡದಲ್ಲಿ ಬಿಡದೆ ಆರಿಸಿ ನಾಶಪಡಿಸಿರಿ.

ಅರಿಶಿನದ ಗಡ್ಡೆ ಬೆಳೆಯುವುದು ಎಲೆ ತಯಾರಿಸುವ ಆಹಾರದಿಂದ. ಆದ್ದರಿಂದ ಒಂದೇ ಗಿಡವನ್ನು ಬೋಳಿಸದೆ, ಪ್ರತಿ ಗಿಡದಿಂದ ಬಲಿತ ಒಂದೆರಡು ಎಲೆಗಳನ್ನು ಮಾತ್ರ ಕೊಯ್ಯಿರಿ. ಎಲೆಚುಕ್ಕೆ ರೋಗಕ್ಕೆ ಔಷಧಿ ಸಿಂಪಡಿಸಿದ ಗಿಡದ ಎಲೆ ಅಡುಗೆಗೆ ಬೇಡ. ಹಬ್ಬಕ್ಕೆಂದು ನಾಲ್ಕಾರು ಗಿಡಗಳನ್ನು ಸಿಂಪಡಣೆಯಿಂದ ದೂರವಿರುವ ಜಾಗದಲ್ಲಿ ಬೇರೆಯಾಗಿ ಬೆಳೆಸುವುದು ಉತ್ತಮ.

ಅರಿಶಿನ ಎಲೆಯ ಸೌತೆಕಾಯಿ ಕಡುಬು

ಬೇಕಾಗುವ ಸಾಮಗ್ರಿ: ಬೆಳ್ತಿಗೆ ಅಕ್ಕಿ ಅಥವಾ ನುಚ್ಚು 2 ಲೋಟ, ಸೌತೆಕಾಯಿ ತುರಿ 2 ಲೋಟ, ಬೆಲ್ಲದ ಪುಡಿ 1 ಲೋಟ, ತೆಂಗಿನಕಾಯಿ ತುರಿ 1 ಲೋಟ, ಏಲಕ್ಕಿ 4, ಚಿಟಿಕೆ ಉಪ್ಪು, ಅರಿಶಿನ ಎಲೆಗಳು.

ಅಕ್ಕಿಯನ್ನು 2 ಗಂಟೆ ನೆನೆಸಿ, ನೀರನ್ನು ಪೂರ್ತಿ ಬಸಿಯಿರಿ. ಬೀಜ ಮತ್ತು ತಿರುಳು ತೆಗೆದ ಸೌತೆಕಾಯಿಯ ತುರಿಯೊಂದಿಗೆ ಸಣ್ಣ ರವೆಯಂತೆ ತರಿಯಾಗಿ ರುಬ್ಬಿರಿ. ಸೌತೆಕಾಯಿಯಲ್ಲಿ ಶೇ. 95ರಷ್ಟು ನೀರೇ ಇರುವುದರಿಂದ ಬೇರೆ ನೀರು ಬೇಡ. ಬೆಲ್ಲ, ಕಾಯಿತುರಿ, ಏಲಕ್ಕಿ, ಉಪ್ಪು ಬೆರೆಸಿ 10 ನಿಮಿಷ ಬಿಡಿರಿ. ಬೆಲ್ಲ ಕರಗಿ ಹಿಟ್ಟು ಸಡಿಲಾಗುವುದರಿಂದ ಹದವನ್ನು ಆಮೇಲೆಯೇ ನೋಡಬೇಕು. ಇಡ್ಲಿ ಹಿಟ್ಟಿಗಿಂತ ತೆಳುವಾಗಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಮಗುಚಿ ಗಟ್ಟಿ ಮಾಡಿರಿ. ತೊಳೆದ ಎಲೆಯ ಮೇಲೆ ಬೆರಳು ದಪ್ಪಕ್ಕೆ ಹರಡಿ, ಮಡಚಿ, ನೀರು ಕುದಿಯುತ್ತಿರುವ ಪಾತ್ರೆಯಲ್ಲಿ 25ರಿಂದ 30 ನಿಮಿಷ ಹಬೆಯಲ್ಲಿ ಬೇಯಿಸಿರಿ. ಸ್ವಲ್ಪ ಆರಿದ ಮೇಲೆ ಎಲೆ ಬಿಡಿಸಿದರೆ ಕಡುಬು ಅಂಟುವುದಿಲ್ಲ. ತುಪ್ಪದೊಂದಿಗೆ ಬಡಿಸಿರಿ. ಬೆಲ್ಲದ ಬದಲು ಹಸಿಮೆಣಸು, ಶುಂಠಿ ಹಾಕಿದರೆ ಖಾರದ ಕಡುಬಾಗುತ್ತದೆ. ತೇವಾಂಶ ಹೆಚ್ಚಿರುವುದರಿಂದ ಅದೇ ದಿನ ತಿಂದು ಮುಗಿಸುವುದು ಸೂಕ್ತ.

ಪಾಯಸ ಮತ್ತು ಗಂಜಿ

ಹೊಸ ಅಕ್ಕಿಯ ಪಾಯಸಕ್ಕೆ ಅಕ್ಕಿ ಪೂರ್ತಿ ಬೆಂದ ಮೇಲೆಯೇ ಬೆಲ್ಲ ಹಾಕಬೇಕು; ಮೊದಲೇ ಹಾಕಿದರೆ ಕಾಳು ಮೆತ್ತಗಾಗುವುದಿಲ್ಲ. ಕಗ್ಗದ ಕೆಂಪಕ್ಕಿಯನ್ನು ಗಂಜಿಗೆ ಬಳಸುವಾಗ ತಿಳಿಯನ್ನು ಬಸಿಯದೆ ಅಕ್ಕಿಯೊಂದಿಗೇ ಉಣ್ಣಿರಿ; ನೀರಿಗೆ ಬಿಟ್ಟ ಜೀವಸತ್ವಗಳು ವ್ಯರ್ಥವಾಗುವುದಿಲ್ಲ. ಪಾಲಿಶ್ ಮಾಡದ ಅಕ್ಕಿಯ ತವುಡಿನಲ್ಲಿ ಎಣ್ಣೆಯಂಶವಿರುವುದರಿಂದ ಬಹುಕಾಲ ಇಟ್ಟರೆ ಕಮಟು ವಾಸನೆ ಬರುತ್ತದೆ. ಭತ್ತವಾಗಿಯೇ ಇಟ್ಟುಕೊಂಡು, ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಗಿರಣಿ ಮಾಡಿಸಿರಿ.

ವಿಸ್ತರಣಾ ಕಾರ್ಯಕರ್ತರಿಗೆ

ಸ್ವಸಹಾಯ ಸಂಘದ ಸಭೆಗಳಲ್ಲಿ ಒಂದೇ ತಳಿಯ ಹೊಸ ಮತ್ತು ಹಳೆಯ ಅಕ್ಕಿಯನ್ನು ಸಮ ಅಳತೆಯ ನೀರಿನಲ್ಲಿ ಎರಡು ಪಾತ್ರೆಗಳಲ್ಲಿ ಬೇಯಿಸಿ ತೋರಿಸಿದರೆ ವ್ಯತ್ಯಾಸ ತಾನಾಗಿಯೇ ಮನದಟ್ಟಾಗುತ್ತದೆ. ಅದೇ ಸಭೆಯಲ್ಲಿ ಯಾರ ಮನೆಯಲ್ಲಿ ಯಾವ ತಳಿಯ ಬೀಜವಿದೆ ಎಂಬುದನ್ನು ಪಟ್ಟಿ ಮಾಡಿಕೊಳ್ಳಿರಿ. ಬೀಜ ಕಳೆದುಕೊಂಡ ಮನೆಗೆ ಮುಂದಿನ ಮುಂಗಾರಿನಲ್ಲಿ ನೆರೆಮನೆಯಿಂದ ಬೀಜ ದೊರೆತರೆ, ಮುಂದಿನ ಹೊಸ್ತಿನ ಹಬ್ಬಕ್ಕೆ ಆ ಮನೆಯಲ್ಲಿಯೂ ಸ್ವಂತ ಗದ್ದೆಯ ಅಕ್ಕಿ ಬೇಯುತ್ತದೆ. ಹೆಚ್ಚಿನ ಮಾಹಿತಿಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.