ಗಜೇಂದ್ರಗಡದ ಗುಡ್ಡಕ್ಕೆ ವ್ಯೂ ಪಾಯಿಂಟ್ ಬೇಕಾ? ಬೇಕಾದ್ರೆ ಅದು ಹೇಗಿರಬೇಕು?

ಕೇಳಿದ್ದನ್ನು ಓದಿ: ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಸಂಜೆ ಐದೂವರೆ ಅಂತ ಅಂದ್ಕೊಳ್ಳಿ. ಗಜೇಂದ್ರಗಡದ ಗುಡ್ಡದ ಮೇಲೆ ನೀವು, ನಿಮ್ಮ ಗೆಳೆಯರು. ಹೊತ್ತು ಇಳೀತಾ ಇದೆ, ದೂರದಲ್ಲಿ ಗಾಳಿಯಂತ್ರಗಳ ರೆಕ್ಕೆ ತಿರುಗ್ತಾ ಇವೆ. ಮೊಬೈಲ್ ಹಿಡಿದವನು ಹೇಳ್ತಾನೆ: ‘ಇನ್ನೊಂದು ಹೆಜ್ಜೆ ಹಿಂದೆ ಸರಿಯೋ, ಬಯಲು ಕಾಣ್ತಿಲ್ಲ.’ ಆ ಒಂದು ಹೆಜ್ಜೆ ಇದೆಯಲ್ಲ, ಇವತ್ತಿನ ಮಾತು ಅದರ ಬಗ್ಗೇನೆ.

ಜನ ಸೇರೋ ಗುಡ್ಡಕ್ಕೆ ಇವತ್ತಲ್ಲ ನಾಳೆ ಒಂದು ವ್ಯೂ ಪಾಯಿಂಟ್ ಬೇಕು ಅನ್ನೋ ಬೇಡಿಕೆ ಬಂದೇ ಬರುತ್ತೆ. ಸುರಕ್ಷತೆಗೆ ಅದು ಬೇಕು ಕೂಡ. ಆದ್ರೆ ನಾವು ಎಲ್ಲೆಡೆ ನೋಡಿರೋದು ಏನು? ಕಾಂಕ್ರೀಟ್ ಕೊಡೆ, ಬಣ್ಣದ ಕಂಬಿ, ಪಕ್ಕದಲ್ಲಿ ಆಳೆತ್ತರದ ಅಕ್ಷರಗಳು. ಗುಡ್ಡ ನೋಡೋಕೆ ಕಟ್ಟಿದ್ದೇ ಗುಡ್ಡವನ್ನ ಮರೆಮಾಡಿಬಿಡುತ್ತೆ. ಹಾಗಾಗದಂತೆ ಕಟ್ಟೋದು ಹೇಗೆ?

ಗೋಪುರ ಬೇಕಾ, ಕಟ್ಟೆ ಸಾಕಾ?

ಮೊದಲ ಪ್ರಶ್ನೆ ಎತ್ತರದ್ದು. ವಿಜಯಪುರದ ಉಪ್ಪಲಿ ಬುರುಜು ನೋಡಿರಬಹುದು. ಹದಿನಾರನೇ ಶತಮಾನದ್ದು, ಸುಮಾರು 80 ಅಡಿ ಎತ್ತರ, ಹೊರಮೈಗೆ ಸುತ್ತಿಕೊಂಡು ಹೋಗೋ ಮೆಟ್ಟಿಲು. ಅಲ್ಲಿ ಅಷ್ಟು ಎತ್ತರ ಯಾಕೆ ಬೇಕಾಯ್ತು? ಸುತ್ತ ನೆಲ ಸಪಾಟು, ದೂರ ಕಾಣಬೇಕಂದ್ರೆ ಮೇಲೇರಲೇಬೇಕು. ನಮ್ಮ ಹಳ್ಳಿಗಳ ಹುಡೇವುಗಳದ್ದೂ ಅದೇ ಲೆಕ್ಕ. ರೋಣದ ಬಯಲಲ್ಲಿ ನಿಂತವನಿಗೆ ಗೋಪುರ ಬೇಕಾಗಬಹುದು. ಗಜೇಂದ್ರಗಡ, ನರಗುಂದದ ಗುಡ್ಡಗಳಲ್ಲಿ ಎತ್ತರವನ್ನ ನೆಲವೇ ಕೊಟ್ಟಾಗಿದೆ. ಅಲ್ಲಿ ಗೋಪುರ ಕಟ್ಟೋದು ಅಂದ್ರೆ ಅಟ್ಟದ ಮೇಲೆ ಏಣಿ ಇಟ್ಟ ಹಾಗೆ. ಬೇಕಿರೋದು ನಿಲ್ಲೋಕೆ, ಕೂರೋಕೆ ಒಂದು ಭದ್ರವಾದ ಕಟ್ಟೆ, ಅಷ್ಟೆ.

ಕಲ್ಲು ಏನು ಹೇಳುತ್ತೆ?

ಗಜೇಂದ್ರಗಡದ್ದು ಬಾದಾಮಿ ಕಡೆಯ ಗುಡ್ಡಗಳ ಹಾಗೆ ಮರಳುಗಲ್ಲು. ಪದರ ಪದರವಾಗಿ ಕೂತಿರುತ್ತೆ, ನಡುವೆ ನೆಟ್ಟಗೆ ಸೀಳುಗಳೂ ಇರ್ತವೆ. ನೀರು, ಬಿಸಿಲು ಆ ಸೀಳನ್ನ ದೊಡ್ಡದು ಮಾಡ್ತಾ ಹೋಗ್ತವೆ. ಹಾಗಾಗಿ ಅಂಚಲ್ಲಿ ಚಾಚಿಕೊಂಡಿರೋ ಬಂಡೆ ಫೋಟೊಗೆ ಎಷ್ಟೇ ಚೆಂದ ಇದ್ರೂ ಅಡಿಪಾಯಕ್ಕೆ ಆಗಿಬರೋದಿಲ್ಲ. ಕಟ್ಟೆ ಅಂಚಿನಿಂದ ಹಿಂದಿರಬೇಕು. ಕೆಳಗಿನ ಬಂಡೆ ಇಡಿಯಾಗಿದೆಯಾ ಅಂತ ಪರೀಕ್ಷೆ ಮಾಡಿಸಿ, ರಂಧ್ರ ಕೊರೆದು ಉಕ್ಕಿನ ಸರಳನ್ನ ಬಂಡೆಗೇ ಬೆಸೆಯಬೇಕು.

ಕೆಳಗಿನ ಬಯಲಿನ ಕಥೆ ಬೇರೆ. ಅಲ್ಲಿರೋದು ಎರೆಭೂಮಿ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ನರಗುಂದ ಪಟ್ಟಣದಲ್ಲಿ ನೆಲ ಕುಸಿದ ಸುದ್ದಿಗಳನ್ನ ನೀವೂ ಕೇಳಿದ್ದೀರಿ. ಒಂದೇ ನಕ್ಷೆಯನ್ನ ಗುಡ್ಡಕ್ಕೂ ಬಯಲಿಗೂ ಹಚ್ಚೋಕೆ ಆಗೋದಿಲ್ಲ.

ಗಾಳಿಯ ಲೆಕ್ಕ

ಗಜೇಂದ್ರಗಡದ ಸುತ್ತ ಗಾಳಿಯಂತ್ರ ಯಾಕಿವೆ? ಗಾಳಿ ಜೋರಾಗಿರೋದ್ರಿಂದ. ಗಾಳಿಯ ವೇಗ ಎರಡು ಪಟ್ಟಾದ್ರೆ ಅದು ತಳ್ಳೋ ಬಲ ನಾಲ್ಕು ಪಟ್ಟಾಗುತ್ತೆ. ತೆರೆದ ಜಾಗದಲ್ಲಿ ತಗಡಿನ ಚಾವಣಿ ಹಾಕಿದ್ರೆ ಗಾಳಿ ಕೆಳಗಿನಿಂದ್ಲೂ ನುಗ್ಗಿ ಅದನ್ನ ಎತ್ತುತ್ತೆ. ಅದಕ್ಕೇ ಇಲ್ಲಿ ತಗ್ಗು ಗೋಡೆ, ಗಾಳಿ ದಾಟಿಹೋಗೋ ಕಲ್ಲಿನ ಜಾಲಂಧ್ರ ವಾಸಿ. ಕಟಾಂಜನ ಎದೆಮಟ್ಟಕ್ಕಿರಲಿ, ಸರಳುಗಳ ನಡುವಿನ ಸಂದು 10 ಸೆಂಟಿಮೀಟರ್‌ಗಿಂತ ಕಡಿಮೆ ಇರಲಿ. ಮಗುವಿನ ತಲೆ ಅದರಲ್ಲಿ ತೂರಬಾರದು. ಅಡ್ಡ ಸರಳು ಮಾತ್ರ ಬೇಡ, ಮಕ್ಕಳಿಗೆ ಅದೇ ಏಣಿಯಾಗುತ್ತೆ. ಗುಡ್ಡದ ನೆತ್ತಿಯಾದ್ರಿಂದ ಸಿಡಿಲು ನಿರೋಧಕವೂ ಬೇಕು. ಆದ್ರೆ ಅದಿದೆ ಅಂತ ಗುಡುಗಿದಾಗ ಅಲ್ಲೇ ನಿಲ್ಲಬೇಡಿ, ಕೆಳಗಿಳಿಯಿರಿ.

ಕಾಣಿಸಬೇಕು, ತಾನು ಕಾಣಬಾರದು

ಗುಡ್ಡಕ್ಕೆ ಹೊಂದೋದು ಅಂದ್ರೇನು ಅನ್ನೋಕೆ ಉದಾಹರಣೆ ಅಲ್ಲೇ ಇದೆ. ಕಾಲಕಾಲೇಶ್ವರ ಗುಡಿ ನೋಡಿ. ಬಂಡೆಯ ಮಗ್ಗುಲಿಗೇ ಆತುಕೊಂಡಿದೆ, ಮೆಟ್ಟಿಲೇರಿ ಹತ್ತಿರ ಹೋದ ಹಾಗೆ ಬಂಡೆ ಯಾವುದು, ಗುಡಿ ಯಾವುದು ಅನ್ನೋ ಗೆರೆ ಮಸುಕಾಗುತ್ತೆ. ಪಕ್ಕದಲ್ಲೇ ಬಂಡೆಯಿಂದ ಜಿನುಗೋ ಅಂತರಗಂಗೆ. ಆ ನೀರಿನ ದಾರಿಗೆ ಯಾರೂ ಅಡ್ಡ ಹೋಗಿಲ್ಲ.

ಹೊರದೇಶದಿಂದ ಎರಡು ಉದಾಹರಣೆ. ಸ್ಪೇನಿನ ಲಾನ್ಸರೋಟೆ ದ್ವೀಪದಲ್ಲಿ ಕಲಾವಿದ ಸೀಸರ್ ಮಾನ್ರಿಕೆ ರೂಪಿಸಿದ ವೀಕ್ಷಣಾ ತಾಣ 1973ರಲ್ಲಿ ತೆರೆಯಿತು. ಕಟ್ಟಡವನ್ನ ಬಂಡೆಯೊಳಗೇ ಹುದುಗಿಸಿದ್ದಾರೆ, ಒಳಗೆ ಹೋದ ಮೇಲೇ ಸಮುದ್ರ ಕಣ್ಣಿಗೆ ಬೀಳೋದು. ನಾರ್ವೆಯ ಸ್ಟೆಗಾಸ್ಟೈನ್ ಇದಕ್ಕೆ ತಿರುಗುಮುರುಗು: 2006ರಲ್ಲಿ ಕಟ್ಟಿದ್ದು, ಬೆಟ್ಟದಿಂದ 30 ಮೀಟರ್ ಹೊರಗೆ ಚಾಚಿದೆ. ಆದ್ರೂ ಅದು ಕಣ್ಣಿಗೆ ಚುಚ್ಚಲ್ಲ. ಒಂದೇ ಸರಳ ಗೆರೆ, ಮರ ಮತ್ತು ಉಕ್ಕು, ಸುತ್ತಲಿನ ಗಿಡಮರಗಳನ್ನ ಹಾಗೇ ಬಿಟ್ಟಿದ್ದಾರೆ. ದಾರಿ ಎರಡು, ಶಿಸ್ತು ಒಂದೇ.

ಇಷ್ಟು ದೂರ ಯಾಕೆ ಹೋಗಬೇಕು? ಗಜೇಂದ್ರಗಡ ಪಟ್ಟೇದ ಅಂಚು ಸೀರೆಗೆ ಹೆಸರಾದ ಊರು. ಅಂಚು ಎಷ್ಟೇ ಚೆಂದ ಇದ್ರೂ ಅದು ಒಡಲನ್ನ ನುಂಗೋದಿಲ್ಲ. ಗುಡ್ಡ ಒಡಲು, ಕಟ್ಟೆ ಅಂಚು. ಹಾಗಾಗಿ ಅಲ್ಲಿಯದೇ ಬಣ್ಣದ ಕಲ್ಲು ಇರಲಿ, ಪೇಂಟ್ ಬೇಡ. ರಾತ್ರಿ ಫ್ಲಡ್‌ಲೈಟೂ ಬೇಡ, ತೋಳ, ನರಿಗಳಿಗೆ ಕತ್ತಲೆ ಬೇಕು. ಮತ್ತೆ ಕೋಟೆಯ ಕಲ್ಲು ಕಿತ್ತು ತರೋದಂತೂ ಬೇಡವೇ ಬೇಡ. ಕೇಂದ್ರದ ರಕ್ಷಿತ ಸ್ಮಾರಕವಾದ್ರೆ 100 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೇ ನಿಷೇಧ ಇದೆ. ಅದರಾಚೆಯ 200 ಮೀಟರ್‌ಗೂ ಅನುಮತಿ ಬೇಕು.

ಏನನ್ನ ನೋಡ್ತಿದ್ದೀವಿ?

ನರಗುಂದದ ಗುಡ್ಡ ಹತ್ತಿದವರಿಗೆ ಕಾಣೋದು ಬರೀ ಬಯಲಲ್ಲ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬರ ಸಂಸ್ಥಾನ ಇದು. ಅದೇ ವರ್ಷ ಜೂನ್‌ನಲ್ಲಿ ಅವರನ್ನ ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ರು. ಮಲಪ್ರಭಾ ಕಾಲುವೆ ನೀರಿನ ಕರಕ್ಕಾಗಿ 1980ರ ಜುಲೈಯಲ್ಲಿ ರೈತರು ಬಂಡೆದ್ದದ್ದೂ ಇದೇ ನೆಲದಲ್ಲಿ. ಕಟ್ಟೆಯ ಮೇಲೆ ಸೊಂಟದೆತ್ತರಕ್ಕೆ ಒಂದು ಚಪ್ಪಡಿ ಹಾಸಿ: ಪೂರ್ವಕ್ಕೆ ರೋಣ, ಪಶ್ಚಿಮಕ್ಕೆ ಸವದತ್ತಿ, ಈಶಾನ್ಯಕ್ಕೆ ಬಾದಾಮಿ ಅಂತ ಕೆತ್ತಿದ್ರೆ ಸಾಕು. ನಿಂತ ಬೋರ್ಡು ನೋಟಕ್ಕೆ ಅಡ್ಡ ಬರುತ್ತೆ, ಮಲಗಿದ ಕಲ್ಲು ಬರೋದಿಲ್ಲ.

ಬಿದಿರಿನ ಪರೀಕ್ಷೆ

ಕೊನೆಗೆ ನೀವೇ ಮಾಡಬಹುದಾದ ಒಂದು ಕೆಲಸ. ಸ್ವಿಟ್ಜರ್ಲೆಂಡಿನಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಕೊಡೋ ಮೊದಲೇ ಜಾಗದಲ್ಲಿ ಕಂಬ ನೆಟ್ಟು ಅದರ ಎತ್ತರ, ಅಗಲ ತೋರಿಸ್ತಾರೆ. ಊರವರು ನೋಡಿ ತಕರಾರು ಹೇಳಬಹುದು. ನಮ್ಮಲ್ಲಿ ಅದಕ್ಕೆ ನಾಲ್ಕು ಬಿದಿರು, ಒಂದು ಹಳೇ ಸೀರೆ ಸಾಕು. ಯೋಜನೆ ಹೇಳೋ ಜಾಗದಲ್ಲಿ, ಹೇಳೋ ಎತ್ತರಕ್ಕೆ ಕಟ್ಟಿ. ಆಮೇಲೆ ಕೆಳಗಿಳಿದು ಬಸ್ ಸ್ಟ್ಯಾಂಡಿನಿಂದ, ಸಂತೆಯಿಂದ, ಹೊಲದ ಬದುವಿನಿಂದ ಫೋಟೊ ತೆಗೀರಿ. ಗುಡ್ಡಕ್ಕಿಂತ ಮೊದಲು ಸೀರೆ ಕಣ್ಣಿಗೆ ಬಿದ್ರೆ ಜಾಗವೋ ಎತ್ತರವೋ ತಪ್ಪಾಗಿದೆ. ಆ ಫೋಟೊಗಳನ್ನ ಪುರಸಭೆಗೆ ಕೊಡಿ. ಸಿಮೆಂಟ್ ಬಿದ್ದ ಮೇಲೆ ಯಾರೂ ಕೇಳೋದಿಲ್ಲ, ಬಿದಿರಿದ್ದಾಗ ಕೇಳ್ತಾರೆ.

ಅಲ್ಲೀವರೆಗೂ ಆ ಒಂದು ಹೆಜ್ಜೆ ಹಿಂದಿಡೋ ಬದಲು ಮುಂದಿಡಿ. ಬಯಲು ಎಲ್ಲೂ ಹೋಗಲ್ಲ.