ಯೂರಿಯಾ, ಇಂಗಾಲ ಮತ್ತು ವಿದ್ಯುತ್ ಸಂಗ್ರಹ

ಪೈರಿಗೆ ಸಾರಜನಕವನ್ನೊದಗಿಸುವ ಯೂರಿಯಾ ಗೊಬ್ಬರವು ವಿದ್ಯುತ್ತನ್ನು ಕೂಡಿಡುವ ಸಾಧನಗಳ ತಯಾರಿಕೆಗೂ ಉಪಯುಕ್ತವಾಗಿರುವುದು ಅನೇಕರಿಗೆ ತಿಳಿಯದ ಸಂಗತಿ. ಸೂರ್ಯಶಕ್ತಿಯ ಪಂಪುಗಳು ಗ್ರಾಮಗಳಲ್ಲಿ ಪ್ರಚಾರಕ್ಕೆ ಬಂದಿರುವುದರಿಂದಲೂ, "ಗ್ರಾಫೀನ್ ಬ್ಯಾಟರಿ" ಎಂಬ ಹೆಸರಿನ ಸಾಮಗ್ರಿಗಳು ಪೇಟೆಯಲ್ಲಿ ಮಾರಾಟವಾಗುತ್ತಿರುವುದರಿಂದಲೂ, ಗ್ರಾಮಮುಖ್ಯರೂ ಜಮೀನುದಾರರೂ ಇದರ ತತ್ತ್ವವನ್ನು ಅರಿತಿರುವುದು ಯುಕ್ತ.

ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟು, ಇಂಗಾಲದ ಪದರಗಳು ಒಂದರ ಮೇಲೊಂದು ಅಡಕವಾಗಿರುವ ವಸ್ತು. ಅದರ ಒಂದೇ ಪದರಕ್ಕೆ ಗ್ರಾಫೀನ್ ಎಂದು ಹೆಸರು. 2004ನೆಯ ಇಸವಿಯಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಆಂಡ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೋವ್ ಎಂಬ ವಿದ್ವಾಂಸರು ಅಂಟುಪಟ್ಟಿಯ ಸಹಾಯದಿಂದ ಇದನ್ನು ಬೇರ್ಪಡಿಸಿದುದನ್ನು ಪ್ರಕಟಿಸಿದರು. 2010ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಲೆಕ್ಕದ ಪ್ರಕಾರ ಒಂದು ಗ್ರಾಂ ಗ್ರಾಫೀನಿನ ಮೇಲ್ಮೈ ಸುಮಾರು 2,630 ಚದರ ಮೀಟರು, ಎಂದರೆ 26 ಗುಂಟೆ ಜಮೀನಿನಷ್ಟು! ಸೂಪರ್ ಕೆಪಾಸಿಟರ್ ಎಂಬ ಸಾಧನದಲ್ಲಿ ದ್ರಾವಣದ ಅಯಾನುಗಳು ವಿದ್ಯುದ್ವಾರದ ಮೇಲ್ಮೈಯನ್ನು ಆಶ್ರಯಿಸಿ ನಿಲ್ಲುವುವು. ಆದುದರಿಂದ ಅವು ಮುಟ್ಟಬಲ್ಲ ಮೇಲ್ಮೈ ಹೆಚ್ಚಿದಷ್ಟೂ ಸಂಗ್ರಹವು ಹೆಚ್ಚುವುದು.

ಆದರೆ ಬರಿಯ ಗ್ರಾಫೀನಿನ ಮೇಲೆ ನೀರಿನ ದ್ರಾವಣವು ಚೆನ್ನಾಗಿ ಹರಡದು. ಇದರ ಪರಿಹಾರಕ್ಕಾಗಿ ಅನ್ಯಧಾತುವನ್ನು ಅಲ್ಪಪ್ರಮಾಣದಲ್ಲಿ ಸೇರಿಸುವರು. ಇದಕ್ಕೆ ಡೋಪಿಂಗ್ ಎನ್ನುವರು. ಮೊದಲು ಗ್ರಾಫೈಟಿನ ಪುಡಿಯನ್ನು ಗಂಧಕಾಮ್ಲ ಮತ್ತು ಪೊಟಾಸಿಯಂ ಪರ್ಮಾಂಗನೇಟಿನಿಂದ ಸಂಸ್ಕರಿಸಿ ಗ್ರಾಫೀನ್ ಆಕ್ಸೈಡನ್ನು ಪಡೆಯತಕ್ಕದ್ದು. ಬಳಿಕ ಅದನ್ನು ಯೂರಿಯಾದೊಡನೆ ನೀರಿನಲ್ಲಿ ಬೆರೆಸಿ, ಒಣಗಿಸಿ, ಗಾಳಿಯಾಡದ ಕುಲುಮೆಯಲ್ಲಿ ಆರ್ಗಾನ್ ಅನಿಲದ ನಡುವೆ ಸುಮಾರು 600ರಿಂದ 900 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸುವರು. ಯೂರಿಯಾ ಒಡೆದು ಅಮೋನಿಯಾ ಹುಟ್ಟುವುದು. ಆಮ್ಲಜನಕವು ಬಹುಮಟ್ಟಿಗೆ ತೊಲಗಿ, ಇಂಗಾಲದ ಕೆಲವು ಪರಮಾಣುಗಳ ಸ್ಥಾನದಲ್ಲಿ ಸಾರಜನಕವು ನೆಲಸುವುದು. ಇಂಗಾಲದ ಹೊರಸುತ್ತಿನಲ್ಲಿ ನಾಲ್ಕು ಎಲೆಕ್ಟ್ರಾನುಗಳಿದ್ದರೆ ಸಾರಜನಕದಲ್ಲಿ ಐದು. ಈ ವ್ಯತ್ಯಾಸದಿಂದ ದ್ರಾವಣವು ಪದರಕ್ಕೆ ಚೆನ್ನಾಗಿ ತಾಕುವುದು, ಸಂಗ್ರಹವೂ ವೃದ್ಧಿಯಾಗುವುದು. ಶಾಖವು ಮಿತಿಮೀರಿದರೆ ಸೇರಿದ ಸಾರಜನಕವೇ ಹಾರಿಹೋಗುವುದು.

ಇದರ ಮಿತಿಯನ್ನೂ ಗಮನಿಸಬೇಕು. ಸೀಸದ ಬ್ಯಾಟರಿ ಕಿಲೋಗ್ರಾಮಿಗೆ ಸುಮಾರು 30ರಿಂದ 40 ವಾಟ್-ಗಂಟೆ ಶಕ್ತಿಯನ್ನು ಹಿಡಿದರೆ, ಪೇಟೆಯ ಸೂಪರ್ ಕೆಪಾಸಿಟರ್ ಸಾಮಾನ್ಯವಾಗಿ 5ರಿಂದ 10ನ್ನು ಮಾತ್ರ ಹಿಡಿಯುವುದು. ಕ್ಷಣದಲ್ಲಿ ತುಂಬಿ ಬರಿದಾಗುವುದೂ, ಲಕ್ಷಾಂತರ ಸಲ ಬಾಳುವುದೂ ಅದರ ಗುಣ; ರಾತ್ರಿಯಿಡೀ ಪಂಪು ನಡೆಸುವುದು ಅದರ ಕೆಲಸವಲ್ಲ. ಕೊಳ್ಳುವವರು ಹೆಸರಿಗೆ ಮರುಳಾಗದೆ, ವಾಟ್-ಗಂಟೆಯನ್ನೂ ಖಾತರಿಯನ್ನೂ ಬರಹದಲ್ಲಿ ಪಡೆಯತಕ್ಕದ್ದು.

ಗ್ರಾಫೀನ್ ಇನ್ನೂ ದುಬಾರಿ. ಪೇಟೆಯ ಸೂಪರ್ ಕೆಪಾಸಿಟರುಗಳಲ್ಲಿ ಹೆಚ್ಚಾಗಿರುವುದು ಸಕ್ರಿಯಗೊಳಿಸಿದ ಇದ್ದಲು. ಅದರ ಮುಖ್ಯ ಕಚ್ಚಾಸಾಮಗ್ರಿಗಳಲ್ಲಿ ತೆಂಗಿನ ಕರಟವೂ ಒಂದು. ತುಮಕೂರು, ಹಾಸನ ಜಿಲ್ಲೆಗಳ ತೆಂಗಿನ ಬೆಳೆಗಾರರು ಕೊಬ್ಬರಿ ತೆಗೆದ ಮೇಲೆ ಕರಟವನ್ನು ಒಲೆಗೆ ಹಾಕುವ ಮುನ್ನ ಅದರ ಧಾರಣೆಯನ್ನು ವಿಚಾರಿಸಲಿ; ಮಣ್ಣು ತಗಲದಂತೆ ಒಣಗಿಸಿ, ಹಲವರು ಕೂಡಿ ಮಾರಿದರೆ ಸಾಗಣೆಯ ವೆಚ್ಚವು ತಗ್ಗುವುದು. ಮೇಲೆ ಹೇಳಿದ ಆಮ್ಲದ ಕ್ರಿಯೆಯನ್ನು ಮಾತ್ರ ಯಾರೂ ಮನೆಯಲ್ಲಿ ಪ್ರಯೋಗಿಸಕೂಡದು. ಅದರಿಂದ ಸ್ಫೋಟವಾಗಿ ಪ್ರಾಣಾಪಾಯವುಂಟಾಗಬಹುದು.